ಹಳೆಯ ಕೇಸು, ಹೊಸ ಕೆಲಸ



ನಮ್ಮ ಕಾಸರಗೋಡಿನಿಂದ ಗಲ್ಫಿಗೆ ದುಡಿಯಲು ಹೋಗುವವರು ಬಹಳ. ಹಿಂದೆ ಯಾವಾಗಲೋ ಸಣ್ಣ ಗಲಾಟೆಯ ಕೇಸು ಆಗಿತ್ತೇ? ಹೆದರಬೇಡಿ. ಆದರೆ ಮುಚ್ಚಿಡಬೇಡಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಬರೆದರೆ ಅದೇ ಇನ್ನೊಂದು ಅಪರಾಧ. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ 2 ವರ್ಷದವರೆಗೆ ಜೈಲಾಗಬಹುದು.

ಕೇಸು ಮುಗಿದಿದೆಯೇ? ಕೋರ್ಟಿನಿಂದ ತೀರ್ಪಿನ ಪ್ರತಿ ತೆಗೆದಿಡಿ. ದಂಡ ಕಟ್ಟಿದ ರಸೀದಿಯೂ ಇರಲಿ.

ಕೇಸು ಇನ್ನೂ ನಡೆಯುತ್ತಿದೆಯೇ? ವಕೀಲರನ್ನು ಕಂಡು, ಅದೇ ಕೋರ್ಟಿನಲ್ಲಿ ವಿದೇಶಕ್ಕೆ ಹೋಗಲು ಅನುಮತಿ ಕೇಳಿ. ಆ ಆದೇಶ ಸಿಕ್ಕಿದರೆ ಪಾಸ್‌ಪೋರ್ಟಿಗೆ ದಾರಿ ಉಂಟು.

"ದುಡ್ಡು ಕೊಡಿ, ಕೇಸು ಕಾಣದ ಹಾಗೆ ಮಾಡುತ್ತೇನೆ" ಎನ್ನುವ ಏಜೆಂಟನನ್ನು ನಂಬಬೇಡಿ. ಕಳ್ಳ ಕಾಗದ ಹಿಡಿದು ಪರದೇಶದಲ್ಲಿ ಸಿಕ್ಕಿಬೀಳುವವರು ನೀವು.

ಅರ್ಜಿ ತುಂಬಿಸುವವರು ಬೇರೆಯವರಾದರೂ ಸಹಿ ನಿಮ್ಮದು. ಏನು ಬರೆದಿದ್ದಾರೆ ಎಂದು ತಿಳಿದ ಮೇಲೆಯೇ ಸಹಿ ಹಾಕಿ. ನಾವು ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ?