ಸಾರುವೆ ಹತ್ತುವ ಮುನ್ನ

ಅಕ್ಕತಂಗಿಯರೇ,

ಗಾರೆ ಕೆಲಸಕ್ಕೆ ಹೋಗ್ತೀರಿ. ತಲೆಯ ಮೇಲೆ ಬಾಂಡ್ಲಿ. ಕಾಲ ಕೆಳಗೆ ಕಂಬ, ಹಲಗೆ ಕಟ್ಟಿದ ಸಾರುವೆ. ಅದು ಮುರಿದರೆ ಸಂಸಾರವೇ ಮುರಿದ ಹಾಗೆ.

ಸಾರುವೆ ಕಟ್ಟೋದು ಒಂದು ವಿದ್ಯೆ. ಪರೀಕ್ಷೆ ಮಾಡೋದು ಇನ್ನೊಂದು ವಿದ್ಯೆ. ಹತ್ತಿ ಇಳಿದ ಅನುಭವ ಒಂದೇ ಸಾಲದು. ತರಬೇತಿಯೂ ಬೇಕು. ಹೊಣೆ ಹೊತ್ತವರು ಸಾರುವೆ ನೋಡಬೇಕು ಅಂತ ಕೇಂದ್ರ ಸರ್ಕಾರ 1998ರಲ್ಲೇ ನಿಯಮ ಮಾಡಿತು.

ಅವರು ಏನು ನೋಡಬೇಕು? ಕಂಬದ ಬುಡ ಕುಸಿದಿದೆಯೇ? ಕಟ್ಟು ಸಡಿಲವೇ? ಹಲಗೆ ಬಿರುಕು ಬಿಟ್ಟಿದೆಯೇ? ಅಂಚಿಗೆ ತಡೆ ಇದೆಯೇ? ಗಾಳಿ ಮಳೆ ಬಂದರೆ ಮತ್ತೆ ನೋಡಬೇಕು. ನೋಡಿದ್ದನ್ನು ಬರೆದಿಡಬೇಕು.

“ಮೇಸ್ತ್ರಿ, ಸಾರುವೆ ಯಾರು ನೋಡಿದ್ರು? ಎಲ್ಲಿ ಬರೆದಿದ್ದಾರೆ?” ಅಂತ ಎಲ್ಲರೂ ಸೇರಿ ಕೇಳಿ. ಈಗ ನಿಮಗೆ ಓದು ಬಂದಿದೆ. ಮೊದಲು ಓದಿ. ಆಮೇಲೆ ಹತ್ತಿ.