ಬಿ.ಎಸ್‌ಸಿ. ಆದವರ ಮೊದಲ ಕೆಲಸ

(ಹೊಸೂರಿನಲ್ಲಿ ಪದವಿ ಮುಗಿಸಿದ ಯುವಜನರೂ ಅವರ ತಂದೆತಾಯಿಗಳೂ ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣ)



ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮ್ಮಂಥವರು ಪದವೀಧರರ ಮುಂದೆ ನಿಂತು ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನಿಮಗೆ ರಸಾಯನಶಾಸ್ತ್ರ ಕಲಿಸಲು ನಾವು ಬಂದಿಲ್ಲ. ಕಾರ್ಖಾನೆಯ ಗೇಟಿನ ಬಳಿ ಏನು ನಡೆಯುತ್ತದೆಂಬುದನ್ನು ಸಂಘದ ಕೆಲಸದಲ್ಲಿ ಕಾಣುತ್ತೇವೆ, ಅದನ್ನಷ್ಟೇ ಹೇಳುತ್ತೇವೆ.

ಐ.ಟಿ.ಐ. ಮುಗಿಸಿದ ಹುಡುಗನನ್ನು ಫಿಟ್ಟರ್, ಟರ್ನರ್ ಎಂದು ಕರೆಯುತ್ತಾರೆ. ಅವನಿಗೆ ಕಾರ್ಖಾನೆಯಲ್ಲಿ ಹೆಸರುಳ್ಳ ಒಂದು ಜಾಗವಿದೆ. ಬಿ.ಎಸ್‌ಸಿ. ಆದವನಿಗೆ ಅಂಥ ಹೆಸರಿಲ್ಲ. ಅವನನ್ನು 'ಟ್ರೇನಿ' ಎನ್ನುತ್ತಾರೆ. ಈ ಒಂದು ಮಾತಿನ ಕೆಳಗೆ ಏನು ಬೇಕಾದರೂ ಅಡಗಬಹುದು. ಆದ್ದರಿಂದ ಸಂಬಳ ಎಷ್ಟೆಂದು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ: ನಾನು ಯಾರ ಟ್ರೇನಿ? ಕಂಪನಿಯವನೋ, ಕಂತ್ರಾಟುದಾರನವನೋ, ಇಲ್ಲ ಅಪ್ರೆಂಟಿಸ್ ಕಾನೂನಿನ ಕೆಳಗೆ ಬಂದವನೋ?

ಅಪ್ರೆಂಟಿಸ್ ಕಾನೂನು 1961ರದು. ಬಹಳ ಕಾಲ ಅದರಲ್ಲಿ ಬಿ.ಎಸ್‌ಸಿ.ಯವರಿಗೆ ಜಾಗವಿರಲಿಲ್ಲ, ಇಂಜಿನಿಯರಿಂಗೇತರ ಪದವೀಧರರನ್ನು ಸೇರಿಸಿದ್ದು 2014ರ ತಿದ್ದುಪಡಿ. ಪದವೀಧರ ಅಪ್ರೆಂಟಿಸರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು 2019ರಲ್ಲಿ ನಿಯಮ ಮಾಡಿದರು. ಹೊಸೂರಿನ ಮನೆ ಬಾಡಿಗೆ ಕಟ್ಟುವವರಿಗೆ ಇದು ದೊಡ್ಡ ಹಣವಲ್ಲ. ಅಪ್ರೆಂಟಿಸನನ್ನು ಕಾನೂನು ಕಾರ್ಮಿಕನೆಂದು ಎಣಿಸುವುದಿಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಮಾಲೀಕನಿಗಿಲ್ಲ. ಇದನ್ನು ತಿಳಿದೇ ಸೇರಬೇಕು. ಆದರೂ ನೋಂದಾಯಿತ ಕರಾರು ಇರುತ್ತದೆ, ಕೊನೆಗೆ ಪ್ರಮಾಣಪತ್ರ ಸಿಗುತ್ತದೆ, ಕೆಲಸದಲ್ಲಿ ಗಾಯವಾದರೆ ಪರಿಹಾರವೂ ಉಂಟು. ಕಾಗದವೇ ಇಲ್ಲದ 'ಟ್ರೇನಿ'ಗಿಂತ ಇದು ಎಷ್ಟೋ ಮೇಲು.

ಕಂತ್ರಾಟುದಾರನ ಮೂಲಕ ಸೇರುವವರೇ ಈ ಕಡೆ ಹೆಚ್ಚು. ಇಲೆಕ್ಟ್ರಾನಿಕ್ಸ್ ಜೋಡಣೆಯ ಸಾಲಿನಲ್ಲಿ ಭೌತಶಾಸ್ತ್ರ ಓದಿದ ಹೆಣ್ಣುಮಕ್ಕಳು ಸ್ಕ್ರೂ ಬಿಗಿಯುತ್ತಾರೆ. ಆ ಕೆಲಸ ಕೀಳೆಂದು ನಾವು ಹೇಳುವವರಲ್ಲ. ಆದರೆ ಮೂರು ವರ್ಷದ ಮೇಲೆ ಓದಿದ್ದೂ ಮರೆತಿರುತ್ತದೆ, ಕೈಯಲ್ಲಿ ಅನುಭವದ ಪತ್ರವೂ ಇರುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೌಕರರಿಗೆಲ್ಲ ನೇಮಕಾತಿ ಪತ್ರ ಕೊಡಬೇಕೆಂದು ಇದೆ. (ಆ ಸಂಹಿತೆಗಳಲ್ಲಿ ಕಾರ್ಮಿಕ ಸಂಘಗಳು ಒಪ್ಪದ ಸಂಗತಿಗಳೂ ಬೇಕಾದಷ್ಟಿವೆ, ಆ ಮಾತು ಇನ್ನೊಂದು ದಿನಕ್ಕಿರಲಿ.) ಪತ್ರ ಕೇಳುವುದು ಉದ್ಧಟತನವಲ್ಲ, ನಿಮ್ಮ ಹಕ್ಕು.

ಅನುಭವದ ಪತ್ರಕ್ಕೆ ಇಷ್ಟು ಒತ್ತು ಕೊಡುವುದೇಕೆ? ಗಡಿಯಾಚೆ ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧ ಕಾರ್ಖಾನೆಗಳಿಗೆ ನಮ್ಮ ಮಕ್ಕಳು ಬಸ್ಸಿನಲ್ಲಿ ಹೋಗಿಬರುತ್ತಾರೆ. ಔಷಧ ತಯಾರಿಕೆಯನ್ನು ಅರ್ಹ ತಾಂತ್ರಿಕ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ನಡೆಸಬೇಕೆಂದು 1945ರ ಔಷಧ ನಿಯಮಗಳು ಹೇಳುತ್ತವೆ. ಫಾರ್ಮಸಿ ಪದವೀಧರನಿಗೆ 18 ತಿಂಗಳ ಅನುಭವ ಸಾಕು. ರಸಾಯನಶಾಸ್ತ್ರ ಮುಖ್ಯ ವಿಷಯವಾಗಿ ಓದಿದ ವಿಜ್ಞಾನ ಪದವೀಧರನಿಗೆ 3 ವರ್ಷ ಬೇಕು. ಹಾಗಾದರೆ ಸಾಧಾರಣ ಬಿ.ಎಸ್‌ಸಿ.ಗೂ ಅಲ್ಲಿ ಬಾಗಿಲು ತೆರೆದಿದೆ, ಆದರೆ ಆ ಮೂರು ವರ್ಷ ಔಷಧ ತಯಾರಿಕೆಯಲ್ಲೇ ಕಳೆದದ್ದೆಂದು ತೋರಿಸಬೇಕು. ಕಂತ್ರಾಟುದಾರನ ಪತ್ರದಲ್ಲಿ 'ಸಹಾಯಕ' ಎಂದಷ್ಟೇ ಬರೆದಿದ್ದರೆ ತೋರಿಸುವುದೇನನ್ನು? ಯಾವ ವಿಭಾಗ, ಯಾವ ಕೆಲಸ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಇವೆಲ್ಲ ಅದರಲ್ಲಿರಬೇಕು.

ಸಂದರ್ಶನದಲ್ಲಿ ಏನು ಕೇಳುತ್ತಾರೆಂದು ಹೋಗಿಬಂದವರನ್ನು ವಿಚಾರಿಸಿದೆವು. ದೊಡ್ಡ ಸಿದ್ಧಾಂತಗಳನ್ನಲ್ಲ. ನಾರ್ಮಾಲಿಟಿಗೂ ಮೊಲಾರಿಟಿಗೂ ವ್ಯತ್ಯಾಸವೇನು, ಬಫರ್ ಏಕೆ ಬೇಕು, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹೇಗೆ ತಯಾರಿಸುತ್ತೀರಿ, ಅದನ್ನು ಯಾವುದರ ಎದುರು ಅಳೆದು ಖಚಿತಪಡಿಸುತ್ತೀರಿ. ಪ್ರಾಕ್ಟಿಕಲ್ ರೆಕಾರ್ಡನ್ನು ಸ್ನೇಹಿತನ ಪುಸ್ತಕದಿಂದ ಇಳಿಸಿಕೊಂಡವನು ಇಲ್ಲೇ ತಡವರಿಸುತ್ತಾನೆ. ಹಳೆಯ ರೆಕಾರ್ಡು ಮನೆಯಲ್ಲಿದ್ದರೆ ಧೂಳು ಕೊಡವಿ ಓದಿರಿ. ಕೆಲಸಕ್ಕೆ ಸೇರಿದ ಮೇಲೂ ರೆಕಾರ್ಡಿನ ವಿಷಯ ಮುಖ್ಯ. ತಪ್ಪಾದ ಅಂಕಿಯ ಮೇಲೆ ಬಿಳಿ ಬಣ್ಣ ಬಳಿಯುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ತಾರೀಖು ಹಾಕಬೇಕು. ಮಾಡದ ಪರೀಕ್ಷೆಯ ಫಲಿತಾಂಶ ಬರೆಯೆಂದು ಮೇಲಿನವರು ಹೇಳುವ ದಿನವೂ ಬರಬಹುದು. ಆ ಮಾತ್ರೆಯನ್ನು ನುಂಗುವವನು ಯಾರೋ ರೋಗಿ. ಪುಸ್ತಕದಲ್ಲಿರುವ ಸಹಿ ನಿಮ್ಮದು. ಅಂಥ ಒತ್ತಡ ಬಂದರೆ ಒಬ್ಬರೇ ಹೊರಬೇಡಿರಿ, ನಮಗೆ ತಿಳಿಸಿರಿ.

ಸರ್ಕಾರಿ ಕೆಲಸದ ಆಸೆಯುಳ್ಳವರಿಗೆ ಒಂದು ಮಾತು. 2021ರ ಡಿಸೆಂಬರಿನ ಆಜ್ಞೆಯಂತೆ ತಮಿಳುನಾಡು ಸರ್ಕಾರದ ನೇಮಕ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯ. ಅದರಲ್ಲಿ ಕನಿಷ್ಠ ಶೇ. 40 ಅಂಕ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಇದು ಭಾರವೇ ಸರಿ, ಇದರ ನ್ಯಾಯವನ್ನು ಕೇಳಬೇಕಾದಲ್ಲಿ ಕೇಳೋಣ. ಅಲ್ಲಿಯವರೆಗೆ ಹತ್ತನೆಯ ತರಗತಿಯ ತಮಿಳು ಪುಸ್ತಕ ಹಿಡಿದು ಕೂರದೆ ಗತ್ಯಂತರವಿಲ್ಲ. ಮಾರುಕಟ್ಟೆಯಲ್ಲಿ ಮಾತನಾಡುವ ತಮಿಳು ಪರೀಕ್ಷೆಗೆ ಸಾಲದು.

ಇನ್ನು ತಂದೆತಾಯಿಗಳಿಗೆ. ಕೆಲಸ ಕೊಡಿಸುತ್ತೇವೆಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಬೇಡಿರಿ. ತೋರಿಸಿರಿ, ನಕಲು ಕೊಡಿರಿ, ಮೂಲವನ್ನು ಮನೆಗೆ ತನ್ನಿರಿ. ಒಬ್ಬ ತಾಯಿ ಮಗಳ ಕೆಲಸಕ್ಕೆಂದು ಸಾಲ ಮಾಡಿ ಏಜೆಂಟನಿಗೆ ಹಣವನ್ನೂ ಅಂಕಪಟ್ಟಿಯನ್ನೂ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಕೆಲಸ ಹೋಯಿತು. ನಾವು ಮೂರು ಸಾರಿ ಜೊತೆಗೆ ಹೋಗಿ ಕುಳಿತ ಮೇಲೆ ಅಂಕಪಟ್ಟಿ ಬಂತು, ಹಣ ಬರಲಿಲ್ಲ. ಆ ಹುಡುಗಿ ಈಗ ಒಂದು ಪ್ರಯೋಗಾಲಯದಲ್ಲಿ ಪಾಳಿ ಕೆಲಸ ಮಾಡುತ್ತಾಳೆ, ಸಾಲದ ಬಡ್ಡಿಯನ್ನು ಅವಳೇ ಕಟ್ಟುತ್ತಿದ್ದಾಳೆ.

ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಪಕ್ಕದ ಕೋಣೆಯಲ್ಲಿ ನಾವು ಇಬ್ಬರು ಮೂವರು ಕುಳಿತಿರುತ್ತೇವೆ. ಕೆಲಸದ ಪತ್ರ ಕೈಗೆ ಬಂದರೆ, ಸಹಿ ಹಾಕುವ ಮೊದಲು ತಂದು ತೋರಿಸಿರಿ. ಇಂಗ್ಲಿಷಿನಲ್ಲಿದ್ದರೂ ಸರಿ, ಓದುವವರು ನಮ್ಮಲ್ಲಿದ್ದಾರೆ.