ಬಲ್ಬಿನ ಕತೆ: ಬೆಳಗಿಸಿದವರು ಯಾರು, ಬೆಳಕು ಯಾರದು?

(ಸಂಘದ ರಾತ್ರಿಶಾಲೆಯ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಗುರುಗಳ ಅಪ್ಪಣೆಯಾಗಿದೆ. ಏಳನೆಯ ತರಗತಿಗೇ ಶಾಲೆ ಬಿಟ್ಟವರು ನಾವು. ದೊಡ್ಡ ಶಾಸ್ತ್ರ ನಮಗೆ ತಿಳಿಯದು. ಆದರೆ ಯಾವ ದೀಪದ ಕೆಳಗೆ ರಾತ್ರಿ ಹನ್ನೊಂದರವರೆಗೆ ಮೇಜು ಒರೆಸುತ್ತೇವೆಯೋ, ಆ ದೀಪದ ಸಂಗತಿ ತಿಳಿಯುವ ಹಕ್ಕು ನಮಗುಂಟು. ಆದುದರಿಂದ ಬಲ್ಬಿನ ಕತೆಯನ್ನೇ ಆರಿಸಿಕೊಂಡಿದ್ದೇವೆ.

ಒಲೆಯ ಕೆಂಡದಲ್ಲಿ ಕಬ್ಬಿಣದ ಸಲಾಕೆ ಇಟ್ಟು ನೋಡಿದವನಿಗೆ ಬಲ್ಬು ಅರ್ಧ ಅರ್ಥವಾದಂತೆಯೇ. ಸಲಾಕೆ ಮೊದಲು ಕೆಂಪಾಗುತ್ತದೆ. ಇನ್ನೂ ಕಾದರೆ ಹಳದಿಯಾಗುತ್ತದೆ. ಮತ್ತೂ ಕಾದರೆ ಬೆಳ್ಳಗೆ ಹೊಳೆಯುತ್ತದೆ. ಬಲ್ಬಿನಲ್ಲಿ ಕಾಯುವುದು ಕೂದಲಿನಷ್ಟು ತೆಳುವಾದ ತಂತಿ. ಕಾಯಿಸುವುದು ಇದ್ದಲಲ್ಲ, ವಿದ್ಯುತ್ತು. ಗೋಡೆಯ ಮೇಲಿನ ತಾಮ್ರದ ತಂತಿ ದಪ್ಪ; ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ತೆಳು ತಂತಿಯಲ್ಲಿ ಅದಕ್ಕೆ ಅಡ್ಡಿ ಹೆಚ್ಚು. ಸಂಜೆ ದಾದರ ಸ್ಟೇಶನ್ನಿನ ಸೇತುವೆಯ ಮೇಲೆ ಇಕ್ಕಟ್ಟಿನಲ್ಲಿ ನೂಕಾಡಿ ನಾವು ಬೆವರುವುದಿಲ್ಲವೇ? ಹಾಗೆಯೇ ಆ ತಂತಿ ಕಾದು ಬೆಳಗುತ್ತದೆ.

ಆದರೆ ಬಯಲಿನಲ್ಲಿ ಹಾಗೆ ಕಾದರೆ ಗಾಳಿಯಲ್ಲಿರುವ ಆಮ್ಲಜನಕ ಕೂಡಿ ತಂತಿ ಕ್ಷಣದಲ್ಲಿ ಉರಿದುಹೋಗುತ್ತದೆ. ಅದಕ್ಕೇ ಗಾಜಿನ ಬುರುಡೆ. ಅದರೊಳಗಿನ ಗಾಳಿಯನ್ನು ಹೀರಿ ತೆಗೆಯಬೇಕು. ಇಷ್ಟೇ ಗುಟ್ಟು. ಆದರೆ ಈ ಗುಟ್ಟನ್ನು ಕೈವಶ ಮಾಡಿಕೊಳ್ಳಲು ಮುಕ್ಕಾಲು ಶತಮಾನ ಹಿಡಿಯಿತು.

ಬಲ್ಬನ್ನು ಎಡಿಸನ್ ಒಬ್ಬನೇ ಕಂಡುಹಿಡಿದನೆಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದು ಪೂರ್ತಿ ನಿಜವಲ್ಲ. 1802ರಲ್ಲೇ ಲಂಡನಿನಲ್ಲಿ ಹಂಫ್ರಿ ಡೇವಿ ಎಂಬ ಶಾಸ್ತ್ರಜ್ಞನು ಪ್ಲಾಟಿನಮ್ ಲೋಹದ ಪಟ್ಟಿಯಲ್ಲಿ ವಿದ್ಯುತ್ತು ಹರಿಸಿ ಬೆಳಗಿಸಿ ತೋರಿಸಿದ್ದನು. ಬುರುಡೆಯ ಗಾಳಿಯನ್ನು ಚೆನ್ನಾಗಿ ಹೀರಬಲ್ಲ ಪಾದರಸದ ಪಂಪನ್ನು 1865ರಲ್ಲಿ ಸ್ಪ್ರೆಂಗೆಲ್ ಎಂಬವನು ಮಾಡಿದನು. ಔಷಧದ ಅಂಗಡಿಯ ಉಮೇದುವಾರನಾಗಿ ಬದುಕು ಆರಂಭಿಸಿದ ಜೋಸೆಫ್ ಸ್ವಾನ್, 1879ರ ಫೆಬ್ರವರಿಯಲ್ಲಿ ಇಂಗ್ಲಂಡಿನ ನ್ಯೂಕಾಸಲ್ ನಗರದಲ್ಲಿ ತನ್ನ ದೀಪವನ್ನು ಸಭೆಯ ಮುಂದೆ ಉರಿಸಿದನು.

ಎಡಿಸನ್ನನೂ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರಿದ ಹುಡುಗನೇ. ಅಮೇರಿಕದ ಮೆನ್ಲೊ ಪಾರ್ಕಿನಲ್ಲಿ ಅವನ ಕಾರ್ಯಶಾಲೆ. 1879ರ ಅಕ್ಟೋಬರಿನಲ್ಲಿ ಅಲ್ಲಿ ಸುಟ್ಟು ಕರಿಮಾಡಿದ ಹತ್ತಿಯ ನೂಲು ಹದಿಮೂರು ಗಂಟೆಗೂ ಮೇಲೆ ಬೆಳಗಿತು. ಗಿರಣಿಯ ಸೋದರರು ಗಮನಿಸಬೇಕು, ಹತ್ತಿಯ ನೂಲು! ಮರುವರ್ಷ ಬಿದಿರಿನ ಎಳೆ ಸುಟ್ಟು ನೋಡಿದರು. ಅದು 1200 ಗಂಟೆಯವರೆಗೆ ಬಾಳಿತು. ಗಾಜು ಊದಿದವನು ಬೋಮ್, ಲೆಕ್ಕ ಹಾಕಿದವನು ಅಪ್ಟನ್, ನಾಜೂಕಿನ ಕೈಕೆಲಸ ಬ್ಯಾಚಲರನದು. ಎಡಿಸನ್ನನ ಹಿರಿಮೆ ಇನ್ನೊಂದಿದೆ. ಬಲ್ಬಿನ ಜೊತೆಗೆ ವಿದ್ಯುತ್ತು ಹುಟ್ಟಿಸುವ ಯಂತ್ರ, ನೆಲದೊಳಗಿನ ತಂತಿ, ಮೀಟರು ಎಲ್ಲವನ್ನೂ ಜೋಡಿಸಿ, 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಒಂದು ಪೇಟೆಗೆ ಬೆಳಕು ಕೊಟ್ಟನು.

ಇಲ್ಲಿ ಒಬ್ಬನ ಹೆಸರನ್ನು ವಿಶೇಷವಾಗಿ ನೆನೆಯಬೇಕು: ಲೂಯಿಸ್ ಲ್ಯಾಟಿಮರ್. ತಂದೆತಾಯಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ನೀಗ್ರೋ ಜನರು. ಹುಡುಗನು ಪೇಟೆಂಟಿನ ವಕೀಲರ ಕಚೇರಿಯಲ್ಲಿ ಜವಾನನಾಗಿ ಸೇರಿದನು; ಪಕ್ಕದವರು ನಕ್ಷೆ ಬರೆಯುವುದನ್ನು ನೋಡಿ ನೋಡಿ ತಾನೇ ಕಲಿತನು. ದೀಪದ ಇದ್ದಲಿನ ಎಳೆ ಮಾಡುವ ಒಂದು ಸುಧಾರಿತ ರೀತಿಗೆ 1882ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. 1890ರಲ್ಲಿ ವಿದ್ಯುದ್ದೀಪದ ಮೇಲೆ ಪುಸ್ತಕವನ್ನೂ ಬರೆದನು. ಲೋಟ ತೊಳೆಯುವ ನಮ್ಮ ಹುಡುಗರು ಈ ಹೆಸರನ್ನು ಮರೆಯಬಾರದು.

1910ರಲ್ಲಿ ಕೂಲಿಜ್ ಎಂಬವನು ಟಂಗ್‌ಸ್ಟನ್ ಲೋಹವನ್ನು ತಂತಿಯಾಗಿ ಎಳೆಯುವ ಉಪಾಯ ಕಂಡನು. ಆ ಲೋಹ ಕರಗಲು 3400 ಡಿಗ್ರಿ ಶಾಖ ಬೇಕು. ಹೀಗೆ ದೀಪ ಗಟ್ಟಿಯಾಯಿತು. ಆದರೆ ಬಲ್ಬು ಬಹುಕಾಲ ಬಾಳಿದರೆ ಮಾರಾಟ ಹೇಗೆ? 1924ರಲ್ಲಿ ದೊಡ್ಡ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ 'ಫೀಬಸ್' ಎಂಬ ಕೂಟ ಕಟ್ಟಿ, ಬಲ್ಬಿನ ಆಯುಷ್ಯವನ್ನು 1000 ಗಂಟೆಗೆ ಇಳಿಸಿದವು. ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡ! ಧಣಿಗಳಿಗೂ ಸಂಘದ ಬಲ ಗೊತ್ತು, ಸೋದರರೇ.

ನಮ್ಮ ನಾಡಿನ ಮಾತು. 1902ರಲ್ಲಿ ಶಿವನಸಮುದ್ರದ ಕಾವೇರಿಯ ವಿದ್ಯುತ್ತು ಮೊದಲು ಹೋದುದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. ಈ ಮುಂಬಯಿಯಲ್ಲಿಯೋ? ಹಿಂದೆ ಹೊತ್ತು ಮುಳುಗಿದರೆ ಗಿರಣಿ ನಿಲ್ಲುತ್ತಿತ್ತು. ವಿದ್ಯುದ್ದೀಪ ಬಂದ ಮೇಲೆ, 1905ರ ಸುಮಾರಿಗೆ, ದುಡಿಮೆ ಹದಿನಾಲ್ಕು ಹದಿನೈದು ಗಂಟೆಗೆ ಏರಿತು. ಕೆಲಸಗಾರರು ಗಲಾಟೆ ಮಾಡಿದರು, ಮುಷ್ಕರ ಹೂಡಿದರು. 1911ರ ಕಾನೂನು ಅದನ್ನು ಹನ್ನೆರಡಕ್ಕೆ ಇಳಿಸಿತು. ನಮ್ಮ ಹೋಟೆಲಿನವರಿಗೆ ದಿನಕ್ಕೆ 9 ಗಂಟೆಯ ಮಿತಿ 1948ರ ಮುಂಬಯಿ ಕಾನೂನಿನಲ್ಲಿ ಬಂತು. ಕಾಗದದ ಮೇಲೆ ಬಂದುದು ಎಷ್ಟು ಹೋಟೆಲುಗಳ ಒಳಗೆ ಬಂತೆಂಬುದು ನಿಮಗೇ ಗೊತ್ತು.

ದೀಪದ ತಪ್ಪೇನೂ ಇಲ್ಲ. ನಮ್ಮಲ್ಲಿ ಕೆಲವರು ದುಡಿದ ಒಂದು ಹೋಟೆಲಿನಲ್ಲಿ ಗಿರಾಕಿ ಇರುವವರೆಗೆ ಇಪ್ಪತ್ತು ದೀಪ ಉರಿಯುತ್ತಿತ್ತು, ಹುಡುಗರು ಪುಸ್ತಕ ಬಿಡಿಸಿದರೆ ಒಂದೂ ಇಲ್ಲ, "ಬಿಲ್ಲು ಯಾರಪ್ಪ ಕಟ್ಟುತ್ತಾನೆ?" ಎಂಬ ಮಾತು. ಹಳೆಯ ಬಲ್ಬು ನುಂಗಿದ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲಿನಷ್ಟೇ ಬೆಳಕಾಗುತ್ತಿತ್ತು, ಉಳಿದುದು ಬರೀ ಶಾಖ. ಈಗಿನ ಎಲ್‌ಇಡಿ ದೀಪದಲ್ಲಿ ಕಾಯುವ ತಂತಿಯೇ ಇಲ್ಲ. ಅದಕ್ಕೆ ದಾರಿ ಮಾಡಿದ ನೀಲಿ ಬೆಳಕಿನ ಶೋಧಕ್ಕೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಖರ್ಚು ಅಷ್ಟು ಇಳಿದಿರುವಾಗ, ಬಿಲ್ಲಿನ ನೆವ ಇನ್ನು ನಡೆಯದು.

ನಮ್ಮ ಬೇಡಿಕೆ ಎರಡೇ. ರಾತ್ರಿಶಾಲೆಗೆ ಬರುವ ಹುಡುಗರಿಗೆ ಎಂಟು ಗಂಟೆಗೆ ಬಿಡುವು ಸಿಗಬೇಕು. ಮಲಗುವ ಅಟ್ಟದಲ್ಲಿ ಓದಲು ಒಂದು ದೀಪ ಇರಬೇಕು. ಇದನ್ನು ಒಬ್ಬೊಬ್ಬರಾಗಿ ಕೇಳಿದರೆ ಕೆಲಸ ಹೋದೀತು, ಸಂಘವಾಗಿ ಕೇಳೋಣ. ನಿಮ್ಮ ನಿಮ್ಮ ಹೋಟೆಲುಗಳ ಹುಡುಗರ ಹೆಸರುಗಳನ್ನು ಮುಂದಿನ ಆದಿತ್ಯವಾರದೊಳಗೆ ಕಾರ್ಯದರ್ಶಿಗಳಿಗೆ ಕೊಡಿರಿ.